ಬಿಟಿ ಬದನೆ ಬೇಡ ಅಂದೆವು, ಬಿಟಿ ಹತ್ತಿ ಎಣ್ಣೆ?

ಬಿಟಿ ಬದನೆಗೆ 2010ರಲ್ಲಿ ತಡೆ ಬಿತ್ತು. ‘ನಮ್ಮ ದೇಶದಲ್ಲಿ ಕುಲಾಂತರಿ ಬೆಳೆಯನ್ನ ಯಾರೂ ತಿನ್ನಲ್ಲ’ ಅಂತ ಆಮೇಲೆ ನಾನೂ ಎಷ್ಟೋ ಸಲ ವಾದ ಮಾಡಿದ್ದೇನೆ. ಕುರುಕಲು ತಿಂಡಿಯ ಪ್ಯಾಕೆಟ್ ಹಿಂದೆ ‘ಹತ್ತಿಬೀಜದ ಎಣ್ಣೆ’ ಅಂತ ಓದಿದ ದಿನ ಆ ವಾದ ಗಂಟಲಲ್ಲೇ ಉಳೀತು.

ಹತ್ತಿ ಅಂದ್ರೆ ನಮಗೆ ಅರಳೆ, ಬಟ್ಟೆ. ಆದರೆ ಹೊಲದಿಂದ ಬಂದ ಹತ್ತಿಯ ತೂಕದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಭಾಗ ಬೀಜವೇ. ರಾಯಚೂರಿನಂಥ ಊರುಗಳ ಜಿನ್ನಿಂಗ್ ಮಿಲ್‌ಗಳಲ್ಲಿ ಅರಳೆ ಬೇರೆ, ಕಾಳು ಬೇರೆ ಆಗುತ್ತೆ. ಕಾಳನ್ನ ಎಣ್ಣೆ ಮಿಲ್‌ನಲ್ಲಿ ಹಿಂಡಿದ ಮೇಲೆ ಉಳಿಯೋ ಹಿಂಡಿ ಎಮ್ಮೆ, ಹಸುಗಳಿಗೆ. ಕಚ್ಚಾ ಎಣ್ಣೆ ಕಪ್ಪುಗೆಂಪು ಬಣ್ಣದ್ದು. ಅದರಲ್ಲಿರೋ ಗಾಸಿಪಾಲ್ ವಿಷಕಾರಿ. ಕಾಸ್ಟಿಕ್ ಸೋಡಾ ಹಾಕಿ ಅದನ್ನ ತೆಗೆದು, ಬಣ್ಣ, ವಾಸನೆ ಕಳೆದ ಮೇಲಷ್ಟೇ ಅಡುಗೆಗೆ ಬರುತ್ತೆ. ಆಗ ಅದಕ್ಕೆ ತನ್ನದೇ ರುಚಿ ಅಂತ ಏನೂ ಇರಲ್ಲ. ತಿಂಡಿ ಕರಿಯೋರಿಗೆ ಬೇಕಾದ್ದೂ ಅದೇ. ಗುಜರಾತಿನಲ್ಲಂತೂ ಮನೆ ಅಡುಗೆಗೇ ಬಳಸ್ತಾರೆ.

ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಇವತ್ತು ದೇಶದ ಹತ್ತಿ ಹೊಲಗಳಲ್ಲಿ ಬಹುಪಾಲು ಅದೇ ಇದೆ. ರಿಫೈನ್ ಆದ ಎಣ್ಣೆಯಲ್ಲಿ ಬಿಟಿ ಪ್ರೋಟೀನ್ ಉಳಿಯೋದಿಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಯಾರನ್ನೂ ಹೆದರಿಸೋಕೆ ಇದನ್ನ ಬರೀತಿಲ್ಲ. ನನ್ನ ತಕರಾರಿರೋದು ಲೇಬಲ್ ಬಗ್ಗೆ. ಕುಲಾಂತರಿ ಆಹಾರದ ಪ್ಯಾಕೆಟ್ ಮೇಲೆ ‘ಜಿಎಂ’ ಅಂತ ಬರೀಬೇಕು ಅನ್ನೋ ನಿಯಮ 2013ರಲ್ಲೇ ಜಾರಿಗೆ ಬಂದಿತ್ತು. ಅಂಗಡಿಯಲ್ಲಿ ನಾನು ತಿರುಗಿಸಿ ನೋಡಿದ ಒಂದು ಪ್ಯಾಕೆಟ್ ಮೇಲೂ ಆ ಎರಡಕ್ಷರ ಕಾಣಲಿಲ್ಲ.