ಮಹಾರಾಜರಿಂದ ರಾಜ್ಯಪಾಲರವರೆಗೆ

ದೆಹಲಿಯ ಸಂವಿಧಾನ ಸಭೆಯು ಭಾರತದ ಸಂವಿಧಾನವನ್ನು ಅಂಗೀಕರಿಸುವುದಕ್ಕೆ ಒಂದು ದಿನ ಮುಂಚೆ, ಅಂದರೆ 1949ರ ನವೆಂಬರ್ 25ರಂದು, ಮೈಸೂರಿನ ಮಹಾರಾಜರಾದ ಶ್ರೀ ಜಯಚಾಮರಾಜ ಒಡೆಯರವರು ಆ ಸಂವಿಧಾನವೇ ತಮ್ಮ ಸಂಸ್ಥಾನಕ್ಕೂ ಅನ್ವಯಿಸತಕ್ಕದ್ದೆಂದು ಘೋಷಣೆ ಹೊರಡಿಸಿದರು. ಮುಂದಿನ ಜನವರಿ 26ರಂದು ಅದು ಜಾರಿಗೆ ಬಂದಾಗ ಮೈಸೂರು 'ಬಿ' ವರ್ಗದ ರಾಜ್ಯಗಳಲ್ಲೊಂದಾಗಿ, ಮಹಾರಾಜರು ಅದರ ರಾಜಪ್ರಮುಖರಾದರು.

ಮದರಾಸು, ಮುಂಬಯಿ ಮೊದಲಾದ 'ಎ' ವರ್ಗದ ರಾಜ್ಯಗಳ ರಾಜ್ಯಪಾಲರಿಗೆ ಯಾವ ಯಾವ ಅಧಿಕಾರಗಳಿದ್ದವೋ, 238ನೆಯ ವಿಧಿಯ ಮೂಲಕ ಬಹುಮಟ್ಟಿಗೆ ಅವೆಲ್ಲವೂ ರಾಜಪ್ರಮುಖರಿಗೂ ಸಂದವು. ಮುಖ್ಯಮಂತ್ರಿಯ ನೇಮಕ, ಶಾಸನಸಭೆಯ ಆಹ್ವಾನ, ಮಸೂದೆಗಳಿಗೆ ಅಂಕಿತ, ಸಭೆ ಸೇರದಿರುವ ಕಾಲದಲ್ಲಿ ಸುಗ್ರೀವಾಜ್ಞೆ, ಇವೆಲ್ಲವೂ ಅವರ ಹೆಸರಿನಲ್ಲಿಯೇ ನಡೆಯತಕ್ಕವು. ಹಿಂದೆ ದಿವಾನರು ಮಹಾರಾಜರಿಗೆ ಉತ್ತರವಾದಿಗಳಾಗಿದ್ದರು. ಈಗ ಮಂತ್ರಿಗಳು ವಿಧಾನಸಭೆಗೆ ಉತ್ತರವಾದಿಗಳಾದರು, ಮಹಾರಾಜರಾಗಿದ್ದವರು ಸಾಮಾನ್ಯವಾಗಿ ಆ ಮಂತ್ರಿಗಳ ಸಲಹೆಯಂತೆಯೇ ನಡೆಯಬೇಕಾಯಿತು. 1952ರ ಚುನಾವಣೆಯಲ್ಲಿ 99 ಸ್ಥಾನಗಳ ಪೈಕಿ 74ನ್ನು ಕಾಂಗ್ರೆಸ್ಸು ಗೆದ್ದು, ಕೆಂಗಲ್ ಹನುಮಂತಯ್ಯನವರು ಆ ಪಕ್ಷದ ನಾಯಕರಾದಾಗ, ಅವರನ್ನು ಮುಖ್ಯಮಂತ್ರಿಯಾಗಿ ನೇಮಿಸುವುದರಲ್ಲಿ ರಾಜಪ್ರಮುಖರ ಸ್ವಂತ ಇಷ್ಟಾನಿಷ್ಟಗಳಿಗೆ ಅವಕಾಶವೇ ಇರಲಿಲ್ಲ. ಅಧಿವೇಶನದ ಆರಂಭದಲ್ಲಿ ಅವರು ಓದುವ ಭಾಷಣವಾದರೂ ಸಚಿವ ಸಂಪುಟವು ಸಿದ್ಧಪಡಿಸಿದುದೇ.

ರಾಜಪ್ರಮುಖರಿಗೂ ರಾಜ್ಯಪಾಲರಿಗೂ ಭೇದವೇ ಇರಲಿಲ್ಲವೆಂದಲ್ಲ. ರಾಜ್ಯಪಾಲರನ್ನು ರಾಷ್ಟ್ರಪತಿಗಳು ಐದು ವರ್ಷಗಳ ಅವಧಿಗೆ ನೇಮಿಸುತ್ತಿದ್ದರು. ಮೈಸೂರಿನಲ್ಲಿಯಾದರೋ ರಾಷ್ಟ್ರಪತಿಗಳು ಯಾರನ್ನು ಮಹಾರಾಜರೆಂದು ಮಾನ್ಯ ಮಾಡಿರುವರೋ ಅವರೇ ರಾಜಪ್ರಮುಖರು. ರಾಜ್ಯಪಾಲರಿಗೆ ತಿಂಗಳಿಗೆ 5,500 ರೂಪಾಯಿಗಳ ವೇತನವೂ ಬಾಡಿಗೆಯಿಲ್ಲದ ಸರ್ಕಾರಿ ನಿವಾಸವೂ ನಿಗದಿಯಾಗಿದ್ದವು. ಮೈಸೂರಿನ ಮಹಾರಾಜರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿಗಳ ರಾಜಧನವು ಗೊತ್ತಾಗಿತ್ತು. ಇನ್ನು ನಿವಾಸದ ವಿಷಯದಲ್ಲಿ, ರಾಜಧಾನಿಯಲ್ಲಿ ಸ್ವಂತ ಮನೆಯಿಲ್ಲದ ರಾಜಪ್ರಮುಖರಿಗೆ ಮಾತ್ರ ಸರ್ಕಾರಿ ವಸತಿಯೆಂದು ವಿಧಿಸಲಾಗಿತ್ತು. ಪೀಳಿಗೆಗಳಿಂದ ಅರಮನೆಗಳಲ್ಲಿ ಬಾಳಿದವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದ ವಾಕ್ಯವಿದೆಂಬುದು ಸ್ಪಷ್ಟ.

ಏಳನೆಯ ತಿದ್ದುಪಡಿಯು ಈ ಭೇದವನ್ನೂ ಅಳಿಸಿತು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯವು ಉದಯಿಸಿದಾಗ ಒಡೆಯರವರು ಅದರ ಮೊದಲನೆಯ ರಾಜ್ಯಪಾಲರಾದರು; 1964ರಲ್ಲಿ ಅಲ್ಲಿಂದ ಮದರಾಸಿಗೆ ರಾಜ್ಯಪಾಲರಾಗಿ ತೆರಳಿದರು. ಸಿಂಹಾಸನಕ್ಕೆ ವರ್ಗಾವಣೆಯಿಲ್ಲ, ಹುದ್ದೆಗೆ ಉಂಟು. ಸಂವಿಧಾನವು ಮೈಸೂರಿನಲ್ಲಿ ಮಾಡಿದ ಬದಲಾವಣೆ ಎಷ್ಟು ದೊಡ್ಡದೆಂಬುದಕ್ಕೂ, ಅದು ಎಷ್ಟು ಸೌಮ್ಯವಾಗಿ ನಡೆದುಹೋಯಿತೆಂಬುದಕ್ಕೂ ಆ ಪ್ರಯಾಣಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.