ಪಕ್ಕವಾದ್ಯದವರ ಬದುಕು

ರೇಡಿಯೋದಲ್ಲಿ ಕಚೇರಿ ಕೇಳುವಾಗ ಗಾಯಕರ ಹೆಸರನ್ನು ನೀವು ನೆನಪಿಡುತ್ತೀರಿ; ಪಿಟೀಲು, ಮೃದಂಗ ನುಡಿಸಿದವರನ್ನು ಬಹುಶಃ ಮರೆಯುತ್ತೀರಿ. ಊರಿಂದೂರಿಗೆ ಹೋಗಿ ನುಡಿಸಿ ಜೀವಿಸುವ ಈ ಕಲಾವಿದರ ಕಸುಬು ಸುಲಭವಾದುದಲ್ಲ.

ಇಂದು ತಗ್ಗಿನ ಶ್ರುತಿಯ ಗಾಯಕರಾದರೆ ನಾಳೆ ಏರುಶ್ರುತಿಯ ಗಾಯಕಿ. ಪಿಟೀಲಿನ ತಂತಿಗಳನ್ನು ಅದಕ್ಕೆ ತಕ್ಕಂತೆ ಕೂಡಿಸಿಕೊಳ್ಳಬೇಕು. ಮುಂಚಿತವಾಗಿ ಕೂಡಿ ಅಭ್ಯಾಸ ಮಾಡುವ ಪದ್ಧತಿ ಸಾಮಾನ್ಯವಾಗಿ ಇಲ್ಲ. ಯಾವ ಕೃತಿ ಬಂದೀತೆಂಬುದು ಎಷ್ಟೋ ವೇಳೆ ವೇದಿಕೆಯ ಮೇಲೆಯೇ ತಿಳಿಯುವುದು; ಆದುದರಿಂದ ನೂರಾರು ಕೃತಿಗಳು ಪಾಠವಾಗಿರಬೇಕು. ಆಲಾಪನೆಯಲ್ಲಿ ಪಿಟೀಲು ನೆರಳಿನಂತೆ ಹಿಂಬಾಲಿಸಬೇಕು. ತನ್ನ ಸರದಿ ಬಂದಾಗ ಮಿತವಾಗಿ ಮನೋಧರ್ಮ ತೋರಬೇಕು. ಅತಿಯಾದರೆ ಗಾಯನ ಮುಚ್ಚಿಹೋಗುತ್ತದೆ. ಮುಂದಿನ ಕರೆಯೂ ಬಾರದೆ ಹೋಗಬಹುದು.

ಮೈಸೂರಿನ ಟಿ. ಚೌಡಯ್ಯನವರು ಬಿಡಾರಂ ಕೃಷ್ಣಪ್ಪನವರಲ್ಲಿ ದೀರ್ಘಕಾಲ ಕಲಿತು ಪಕ್ಕವಾದ್ಯಕ್ಕೆ ಕುಳಿತವರು. ಧ್ವನಿವರ್ಧಕವಿಲ್ಲದ ಅಂದಿನ ಸಭೆಗಳಲ್ಲಿ ಹಿಂದಿನ ಸಾಲಿಗೂ ಕೇಳಲೆಂದು ನಾಲ್ಕು ತಂತಿಯ ಪಿಟೀಲಿಗೆ ಏಳು ತಂತಿ ಕಟ್ಟಿದರು. ಪಕ್ಕದಲ್ಲಿ ಕುಳಿತೇ ಹೆಸರಾದ ಅವರಿಗೆ 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ‘ಸಂಗೀತ ಕಲಾನಿಧಿ’ ಬಿರುದು ಸಂದಿತು.

ಮುಂದಿನ ಕಚೇರಿಯಲ್ಲಿ ಗಾಯಕರು ಉಸಿರಿಗೆಂದು ನಿಂತ ಕ್ಷಣಕ್ಕೆ ಕಿವಿಗೊಡಿರಿ. ನಾದ ಕಡಿಯದಂತೆ ಹಿಡಿದಿರುವವರು ಯಾರೆಂಬುದು ಆಗ ನಿಮಗೇ ತಿಳಿಯುವುದು.