ಬಾಳ್, ಬಾೞ್ ಮತ್ತು ಡಿ.ಎಲ್.ಎನ್.

ಇಂಗ್ಲಿಷ್ ಸಾಹಿತ್ಯ ಓದುವವರಿಗೆ ಆಂಗ್ಲೋ-ಸ್ಯಾಕ್ಸನ್ ಎಷ್ಟು ದೂರವೋ, ನಮ್ಮ ವಿದ್ಯಾರ್ಥಿಗಳಿಗೆ ಹಳಗನ್ನಡವೂ ಅಷ್ಟೇ ದೂರ. ಆ ಭಾಷೆಯ ಮಹಾಕಾವ್ಯ 'ಬಿಯೋವುಲ್ಫ್'ಗೆ ಉಳಿದಿರುವ ಹಸ್ತಪ್ರತಿ ಒಂದೇ. 1731ರ ಬೆಂಕಿಯಲ್ಲಿ ಅದರ ಅಂಚುಗಳೂ ಕರಕಾದವು. ಆಕ್ಸ್‌ಫರ್ಡಿನಲ್ಲಿ 1925ರಿಂದ 1945ರವರೆಗೆ ಆಂಗ್ಲೋ-ಸ್ಯಾಕ್ಸನ್ ಪ್ರಾಧ್ಯಾಪಕರಾಗಿದ್ದ ಜೆ.ಆರ್.ಆರ್. ಟೋಲ್ಕಿನ್ ಅದನ್ನು ಮೊದಲು ಕಾವ್ಯವೆಂದು ಓದಬೇಕೆಂದು 1936ರಲ್ಲಿ ವಾದಿಸಿದರು. ಅದೇ ತಲೆಮಾರಿನಲ್ಲಿ, ಮೈಸೂರಿನಲ್ಲಿ, ಹಳಗನ್ನಡಕ್ಕಾಗಿ ಬಾಳನ್ನು ಮೀಸಲಿಟ್ಟವರು ಡಿ.ಎಲ್. ನರಸಿಂಹಾಚಾರ್ (1906–1971).

ಅವರು ಸಂಪಾದಿಸಿದ 'ವಡ್ಡಾರಾಧನೆ' 1949ರಲ್ಲಿ ಪ್ರಕಟವಾಯಿತು. ಸುಮಾರು ಹತ್ತನೆಯ ಶತಮಾನದ ಈ ಕೃತಿಯಲ್ಲಿ 19 ಕಥೆಗಳಿವೆ. ಪದ್ಯದಲ್ಲಾದರೆ ಪ್ರಾಸ, ಛಂದಸ್ಸುಗಳು ಸಂಪಾದಕನಿಗೆ ದಾರಿ ತೋರುತ್ತವೆ. ಗದ್ಯದಲ್ಲಿ ಆ ಆಸರೆಯಿಲ್ಲ. ಕಷ್ಟವೆಂಥದೆಂಬುದಕ್ಕೆ ಒಂದು ಅಕ್ಷರವೇ ಸಾಕು. ಹಳಗನ್ನಡದಲ್ಲಿ 'ಬಾಳ್' ಎಂದರೆ ಕತ್ತಿ, 'ಬಾೞ್' ಎಂದರೆ ಬದುಕು. ಕಾಲಾಂತರದಲ್ಲಿ ೞಕಾರ ಬಳಕೆ ತಪ್ಪಿ, ಲಿಪಿಕಾರರು ಎರಡನ್ನೂ ಳಕಾರದಿಂದಲೇ ಬರೆದರು. ಓಲೆಯಲ್ಲಿರುವುದು ಕತ್ತಿಯೋ ಬದುಕೋ ಎಂಬುದನ್ನು ನಿರ್ಣಯಿಸಲು ಶಾಸನ, ವ್ಯಾಕರಣ, ಸೋದರ ಭಾಷೆಗಳು ಎಲ್ಲವೂ ಬೇಕು. ಹೊಸೂರಿನ ನಮ್ಮ ಮಕ್ಕಳಿಗೆ ಇಲ್ಲೊಂದು ಅನುಕೂಲವಿದೆ: ತಮಿಳಿನ 'ವಾಳ್', 'ವಾೞ್' ಎಂಬ ಭೇದ ಅವರ ಕಿವಿಗೆ ಮೊದಲೇ ಪರಿಚಿತ. ೞಕಾರದ ಪಾಠದಲ್ಲಿ ಮೈಸೂರಿನ ವಿದ್ಯಾರ್ಥಿಗಿಂತ ಇವರು ಒಂದು ಹೆಜ್ಜೆ ಮುಂದೆಂದೇ ನಾನು ಎಣಿಸುತ್ತೇನೆ.

ಈ ವಿದ್ಯೆಯ ವಿಧಾನವನ್ನು ಡಿ.ಎಲ್.ಎನ್. 'ಕನ್ನಡ ಗ್ರಂಥಸಂಪಾದನೆ'ಯಲ್ಲಿ (1964) ವಿವರಿಸಿದರು. ಮರಾಠಿಯಲ್ಲೂ ಶಾಲೆ ಕಲಿತ ನನಗೆ 'ಪಾಠಾಂತರ'ವೆಂದರೆ ಬಾಯಿಪಾಠ. ಕನ್ನಡದಲ್ಲಿ ಅದು ಪ್ರತಿಯಿಂದ ಪ್ರತಿಗೆ ಭಿನ್ನವಾಗುವ ಪಾಠವೆಂದು ತಿಳಿಯಲು ತಡವಾಯಿತು. ಭಿನ್ನಪಾಠಗಳಲ್ಲಿ ಸುಲಭವಾದುದೇ ಸರಿಯೆನ್ನುವಂತಿಲ್ಲ. ತನಗೆ ತಿಳಿಯದ ಪದವನ್ನು ಲಿಪಿಕಾರನು ತಿಳಿದ ಪದವಾಗಿ ಬದಲಿಸಿರಬಹುದು. ಹೀಗಾಗಿ ನಮಗೆ ತೊಡಕೆನಿಸುವ ಪಾಠವೇ ಎಷ್ಟೋ ಸಲ ಕವಿಯದು. ಹಾಗೆಂದು ತೊಡಕೆಲ್ಲ ಪ್ರಾಚೀನವೂ ಅಲ್ಲ, ಕೆಲವು ಬರಿಯ ಕೈತಪ್ಪು! ಇವೆರಡನ್ನು ಬೇರ್ಪಡಿಸುವ ವಿವೇಕಕ್ಕೆ ಅಡ್ಡದಾರಿಯಿಲ್ಲ, ಮತ್ತೆ ಮತ್ತೆ ಓದಬೇಕು.

ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ ಅವರು ಸಂಪಾದಿಸಿದರು. 1960ರ ಬೀದರ್ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಇಷ್ಟಾದರೂ ಅವರ ಹೆಸರು ಇಂದು ಸಾಮಾನ್ಯ ಓದುಗರ ಬಾಯಲ್ಲಿಲ್ಲ. ಒಳ್ಳೆಯ ಸಂಪಾದಕನು ಪುಟದಲ್ಲಿ ಕಾಣುವುದೂ ಇಲ್ಲ, ಅಡಿಟಿಪ್ಪಣಿಯಲ್ಲಿರುತ್ತಾನೆ.

ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿಗಾಗಿಯೂ ಅವರು ವರ್ಷಾನುಗಟ್ಟಲೆ ದುಡಿದರು. 1971ರಲ್ಲಿ ಅವರು ತೀರಿಕೊಂಡಾಗ ಆ ಕೆಲಸ ಇನ್ನೂ ಆರಂಭದ ಸಂಪುಟಗಳಲ್ಲಿತ್ತು. ಎಂಟನೆಯ, ಕಡೆಯ ಸಂಪುಟ ಹೊರಬಂದದ್ದು 1995ರಲ್ಲಿ.